ತಗಡಿನ ಗುಡುಗು

ಆ ದಿನಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂಬುದು ಜಗಳದಲ್ಲೇ ತೀರ್ಮಾನವಾಗಬೇಕಿತ್ತು. ಯಾರ ಗಂಟಲು ದೊಡ್ಡದೋ ಅವರದ್ದು ನಿಜ. ಹಾಗಾಗಿ ನಮ್ಮ ಏಳನೇ ಕ್ಲಾಸಿನ ಬಹುಪಾಲು ನಿಜ ನನ್ನದೇ ಆಗಿತ್ತು.

ನನಗೆ ಎದುರಾಳಿ ಎಂದರೆ ಚಿಕ್ಕಪ್ಪನ ಮಗಳು ನಂದಿನಿ ಒಬ್ಬಳೇ. ಆ ವರ್ಷ ಮೂಡಿಗೆರೆಯ ಚರ್ಚಾಸ್ಪರ್ಧೆಗೆ ಶಾಲೆಯಿಂದ ಒಬ್ಬರು ಹೋಗಬೇಕಿತ್ತು. "ಇಬ್ರೂ ಒಂದೇ ಮನೆಯವ್ರು, ನೀವೇ ತೀರ್ಮಾನ ಮಾಡ್ಕೊಂಡು ಬನ್ನಿ" ಎಂದು ಮೇಷ್ಟ್ರು ಕೈತೊಳೆದುಕೊಂಡಿದ್ದರು. ನಾನಂತೂ ಆಗಲೇ ಭಾಷಣ ಬರೆದು, ಕೊಟ್ಟಿಗೆಯ ದನಗಳ ಎದುರು ಎರಡು ಸಲ ಗೆದ್ದಾಗಿತ್ತು.

ಜನವರಿ ತಿಂಗಳು. ಕಾಫಿ ಹಣ್ಣಿನ ಸಿಪ್ಪೆಯ ಹುಳಿ ವಾಸನೆ ಒಗೆದ ಬಟ್ಟೆಗೂ ಹತ್ತಿಕೊಂಡಿತ್ತು. ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಕಾಫಿ ಕಣದ ತುಂಬ ಒಣಗುತ್ತಿತ್ತು. ರಜೆಯ ಬೆಳಗ್ಗೆ ನಾವಿಬ್ಬರೂ ಶೆಡ್ಡಿನ ಹಿಂದೆ ಕೂತು ಕಿತ್ತಳೆ ತಿನ್ನುತ್ತ, ಸಿಪ್ಪೆ ಹಿಂಡಿ ಒಬ್ಬರ ಕಣ್ಣಿಗೆ ಒಬ್ಬರು ಹಾರಿಸುತ್ತಿದ್ದೆವು. ನಂದಿನಿಯ ಮಡಿಲಲ್ಲಿ ಮುಖಪುಟ ಹರಿದ ಪತ್ರಿಕೆಯೊಂದಿತ್ತು. ಅದರಲ್ಲಿ ಯಾವುದೋ ಹಳೇ ಕಾರ್ಟೂನ್ ಸ್ಟುಡಿಯೋದ ಒಳಗುಟ್ಟುಗಳು.

"ಸ್ಟುಡಿಯೋ ಕಟ್ಟಿದ ಯಜಮಾನ್ರು ಕಾರ್ಟೂನಿನ ಕರಡಿಗೆ ತಾವೇ ದನಿ ಕೊಡ್ತಿದ್ರಂತೆ" ಎಂದಳು.

"ಅದಕ್ಕೆ ಸಾಕ್ಷಿ?"

"ಕುದುರೆ ಓಡೋ ಸದ್ದಿಗೆ ತೆಂಗಿನ ಚಿಪ್ಪು ಕುಟ್ತಿದ್ರಂತೆ."

"ಅಂತೆ ಕಂತೆ. ಮುಂದೆ?"

"ಗುಡುಗಿಗೆ ತಗಡು ಅಲ್ಲಾಡಿಸ್ತಿದ್ರಂತೆ."

ನಾನು ಎದ್ದೇ ನಿಂತೆ. ಗುಡುಗಿನ ವಿಷಯದಲ್ಲಿ ಮಲೆನಾಡಿನವರಿಗೆ ಪಾಠವೇ? "ತಗಡು ಅಲ್ಲಾಡಿಸಿದ್ರೆ ತಗಡಿನ ಸದ್ದೇ ಬರೋದು ಮಾರಾಯ್ತಿ. ಹುಟ್ಟಿದಾಗಿಂದ ಗುಡುಗು ಕೇಳಿರೋ ಕಿವಿ ನಮ್ದು. ಇಲ್ಲಿ ಒಬ್ರಾದ್ರೂ ಅದನ್ನ ಗುಡುಗು ಅಂತ ನಂಬಿದ್ರೆ ಮೂಡಿಗೆರೆಗೆ ನೀನೇ ಹೋಗು."

"ಮಾತಿಗೆ ತಪ್ಪಲ್ವಾ?"

"ತಪ್ಪಲ್ಲ."

ನೀರಿನ ತೊಟ್ಟಿಗೆ ಮುಚ್ಚಳ ಮಾಡಿಸಲು ಅಪ್ಪ ತಂದಿಟ್ಟಿದ್ದ ಸಪಾಟು ತಗಡಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವಳು. ಸುಳ್ಳೆಂದು ತೋರಿಸುವ ಹುರುಪಿನಲ್ಲಿ ಅವಳಿಗಿಂತ ಜೋರಾಗಿ ಅಲ್ಲಾಡಿಸಿದ್ದೂ ನಾನೇ. ತಗಡು ಮೊದಲು ಗುರ್ ಎಂದಿತು. ಆಮೇಲೆ ಬೆಟ್ಟದಾಚೆಯಿಂದ ಏನೋ ಉರುಳಿಕೊಂಡು ಬಂದ ಹಾಗೆ ಗುಡುಗಿತು.

"ಏಯ್, ಮಳೆ ಬಂತು! ಬಾಚ್ರೋ, ಕಾಫಿ ಬಾಚ್ರೋ!" ಕಣದಿಂದ ಮೇಸ್ತ್ರಿ ಮಂಜಣ್ಣನ ಕೂಗು.

ಚಹಾ ಕುಡಿಯುತ್ತಿದ್ದ ಹೆಂಗಸರು ಲೋಟ ಬಿಟ್ಟು ಓಡಿದರು. ಅಪ್ಪ ಅರ್ಧ ಗಡ್ಡ ಹೆರೆದು, ಇನ್ನರ್ಧಕ್ಕೆ ಸೋಪಿನ ನೊರೆ ಇಟ್ಟುಕೊಂಡೇ ಟಾರ್ಪಾಲಿನ ಮೂಲೆ ಹಿಡಿದು ಎಳೆದರು. ನೋಡನೋಡುತ್ತಲೇ ಕಾಫಿಯೆಲ್ಲ ಗುಡ್ಡೆಯಾಗಿ ಟಾರ್ಪಾಲಿನಡಿ ಸೇರಿತು. ಆಮೇಲೆ ಎಲ್ಲರೂ ಒಟ್ಟಿಗೆ ತಲೆಯೆತ್ತಿದರು. ಹತ್ತಿಯ ಎಳೆಯಷ್ಟೂ ಮೋಡವಿರಲಿಲ್ಲ.

"ಮಂಜಣ್ಣ, ಮೋಡವೇ ಇಲ್ವಲ್ಲ ಮಾರಾಯ?" ಎಂದರು ಅಪ್ಪ.

"ಅಯ್ಯಾ, ಮೋಡ ನೋಡ್ತಾ ನಿಂತ್ರೆ ಕಾಫಿ ಉಳೀತದಾ? ಗುಡುಗಿದ್ದು ನೀವೂ ಕೇಳಿದ್ರಲ್ಲ."

"ಕೇಳ್ದೆ, ಕೇಳ್ದೆ. ಕಳಸದ ಕಡೆ ಹುಯ್ತಿರ್ಬೇಕು."

ನಂದಿನಿ ನನ್ನ ಕಿವಿಯಲ್ಲಿ ಹೇಳಿದಳು: "ಒಬ್ರು ಸಾಕು ಅಂದಿದ್ದೆ ನೀನು. ಕಣಕ್ಕೆ ಕಣವೇ ನಂಬ್ತು."

ನಾನು ಸೋಲೊಪ್ಪಲಿಲ್ಲ. "ಅವ್ರು ನಂಬಿದ್ದು ಸದ್ದನ್ನಲ್ಲ, ಭಯವನ್ನ. ಎರಡೂ ಬೇರೆ ಬೇರೆ."

"ಸರಿ, ಅದನ್ನೇ ಹೋಗಿ ದೊಡ್ಡಪ್ಪನ ಹತ್ರ ಹೇಳು."

ಅಪ್ಪನ ಮುಖದ ನೊರೆ ಒಣಗುತ್ತಿತ್ತು. ನನ್ನ ಅತ್ಯುತ್ತಮ ವಾದ ಅಲ್ಲೇ ಸತ್ತಿತು. ಮೂಡಿಗೆರೆಗೆ ನಂದಿನಿ ಹೋದಳು, ನನ್ನ ಭಾಷಣವನ್ನೂ ಹೊತ್ತುಕೊಂಡೇ ಹೋದಳು, ಬಹುಮಾನ ತಂದಳು. ಬಹುಮಾನ ಬಂದದ್ದು ಭಾಷಣಕ್ಕೆ ಎಂದು ಇವತ್ತಿಗೂ ವಾದಿಸುತ್ತೇನೆ.

ಕಳೆದ ಜನವರಿಯಲ್ಲಿ, ಕಾಫಿ ಹರವಿದ್ದ ಅದೇ ಕಣದಲ್ಲಿ ನಿಂತಿದ್ದಾಗ ನಿಜಕ್ಕೂ ಗುಡುಗಿತು. ಯಾರೂ ಓಡಲಿಲ್ಲ. ಮೊದಲು ಓಡಿ ಆಮೇಲೆ ಆಕಾಶ ನೋಡುವ ಮಂಜಣ್ಣನಂಥವರು ಅಲ್ಲಿ ಒಬ್ಬರೂ ಉಳಿದಿರಲಿಲ್ಲ. ಎಲ್ಲರೂ ಫೋನ್ ತೆಗೆದರು. "ಇವತ್ತು ಮಳೆ ಇಲ್ಲ ಅಂತಿದೆ" ಎಂದು ನಾನೇ ಸಾಕ್ಷಿ ಸಮೇತ ತೋರಿಸಿದೆ. ಎದುರು ಮಾತಾಡುವವರೇ ಇರಲಿಲ್ಲ. ಸ್ಕ್ರೀನಿನ ಮೇಲೆ ಬಿದ್ದ ಹನಿಗಳನ್ನು ಅಂಗಿಗೆ ಒರೆಸಿಕೊಂಡು ಇನ್ನೊಮ್ಮೆ ತೋರಿಸಿದೆ.