ಅರಿಶಿನ ಕುಡಿದ ಗಾಜು

ಈ ಸಲದ ಆಯುಧಪೂಜೆಗೆಂದು ಜಯನಗರದ ಮಾರ್ಕೆಟ್ಟಿನಲ್ಲಿ ಕಡ್ಲೆಪುರಿ ಕೊಳ್ಳುತ್ತಿದ್ದಾಗ ಪಕ್ಕದ ಅಂಗಡಿಯಿಂದ ಅರಿಶಿನದ ವಾಸನೆ ಬಂತು. ನಮ್ಮ ಕೆಮಿಸ್ಟ್ರಿ ಮೇಡಂ ನೆನಪಾಗಿ ನಿಂತಲ್ಲೇ ನಕ್ಕುಬಿಟ್ಟೆ. ಅಂಗಡಿಯವನು ಪುರಿ ಅಳೆಯುವುದನ್ನು ಬಿಟ್ಟು ನನ್ನನ್ನೇ ನೋಡಿದ.

ನಾನು ಓದುತ್ತಿದ್ದ ಬನಶಂಕರಿಯ ಕಾಲೇಜಿನ ಲ್ಯಾಬಿನಲ್ಲಿ ಮೇಡಂಗೆ ಒಂದೇ ಹುಚ್ಚು, ಸೋಲಾರ್ ಸೆಲ್ಲನ್ನು ಕೈಯಾರೆ ಮಾಡುವುದು. ಗಾಜಿನ ಮೇಲೆ ಬಿಳಿ ಪೇಸ್ಟನ್ನು ತೆಳ್ಳಗೆ ಸವರಿ ಕುಲುಮೆಯಲ್ಲಿ ಸುಟ್ಟರೆ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುವ ಪದರವಾಗುತ್ತದೆ. ಆ ತೂತುಗಳೊಳಗೆ ಹಣ್ಣಿನ ಬಣ್ಣ ಇಳಿಯಬೇಕು. ಬಿಸಿಲನ್ನು ಹಿಡಿಯುವುದು ಆ ಬಣ್ಣವೇ. ಅರ್ಧ ಖನಿಜ, ಅರ್ಧ ಗಿಡಮರದ್ದು. ಹೇಳುವುದಕ್ಕೇನೋ ಸುಲಭ... ನಾವು ಮಾಡಿದ ಪದರಗಳೆಲ್ಲ ಒಣಗಿದ ಕೆರೆಯಂತೆ ಬಿರುಕು ಬಿಡುತ್ತಿದ್ದವು. ಆ ವರ್ಷ ಆಯುಧಪೂಜೆಯ ತಿಂಗಳ ಕೊನೆಗೆ ಮೇಡಂ ರಿಟೈರ್ ಆಗುವವರಿದ್ದರು. ಅಷ್ಟರೊಳಗೆ ಒಮ್ಮೆಯಾದರೂ ಕರೆಂಟ್ ಅಳೆಯುವ ಮೀಟರಿನ ಮುಳ್ಳು ಏಳುವುದನ್ನು ನೋಡಬೇಕೆಂದು ಅವರಿಗೆ ಆಸೆ.

ಪೂಜೆಯ ಹಿಂದಿನ ದಿನ ಒಂದೇ ಒಂದು ಗಾಜು ಬಿರುಕಿಲ್ಲದೆ ಹೊರಬಂತು. "ಯಾರೂ ಬೆರಳು ತಾಗಿಸ್ಬೇಡ್ರಮ್ಮಾ, ಹತ್ರ ನಿಂತು ಉಸಿರೂ ಬಿಡ್ಬೇಡಿ!" ಎಂದು ಮೇಡಂ ಅದಕ್ಕೆ ಕಾವಲು ಕೂತರು. ದಾಳಿಂಬೆ ರಸ ಹಾಕುವುದು ಪೂಜೆ ಮುಗಿದ ಮೇಲೆ ಎಂದಾಯಿತು.

ಮರುದಿನ ರೇಷ್ಮೆ ಸೀರೆ ಉಟ್ಟು ಬಂದ ಮೇಡಂ, ಕಲಸಿದ ಅರಿಶಿನದ ಬಟ್ಟಲು ಹಿಡಿದು ಕುಲುಮೆಗೆ, ತಕ್ಕಡಿಗೆ, ಮೀಟರಿಗೆ ಬೊಟ್ಟಿಡುತ್ತಾ ಬಂದರು. ಭಕ್ತಿಯ ಭರದಲ್ಲಿ ಆ ಗಾಜಿಗೂ ಇಟ್ಟೇಬಿಟ್ಟರು! ಹೆಬ್ಬೆರಳಗಲದ ಬಿಳಿ ಪದರ ನೋಡನೋಡುತ್ತಲೇ ಹಳದಿಯಾಯಿತು.

ನನಗಂತೂ ಅಳುವೇ ಬಂತು. ಒರೆಸೋಣವೆಂದು ಬಟ್ಟೆ ತಂದೆ.

"ಬಿಡೇ, ಒರೆಸಿದ್ರೆ ಹೋಗಲ್ಲ. ತೂತಿನೊಳಗೆ ಇಳಿದ್ಬಿಟ್ಟಿದೆ," ಎಂದ ಮೇಡಂ ಗಾಜನ್ನೇ ನೋಡುತ್ತಾ ನಿಂತರು. ಆಮೇಲೆ ಅವರ ಕಣ್ಣರಳಿತು. "ಅಲ್ವೇ, ನಮಗೆ ಬೇಕಿದ್ದೂ ಅದೇ ತಾನೆ? ನಡಿ ಬಿಸಿಲಿಗೆ!"

ಮೇಲೊಂದು ಗಾಜು ಮುಚ್ಚಿ, ನಡುವೆ ಅಯೋಡಿನ್ ದ್ರಾವಣ ಹನಿಸಿ, ಮೀಟರಿನ ತಂತಿ ಸಿಕ್ಕಿಸಿ ಕಾರಿಡಾರಿನ ಬಿಸಿಲಿಗೆ ಹಿಡಿದೆವು. ಮುಳ್ಳು ನಡುಗಿತು, ಎದ್ದಿತು, ಎದ್ದೇ ನಿಂತಿತು. ಮೇಡಂ ಅರಿಶಿನದ ಕೈಯಲ್ಲೇ ಚಪ್ಪಾಳೆ ತಟ್ಟಿ, ನಮ್ಮ ಕೆನ್ನೆಗಳಿಗೆಲ್ಲ ಹಳದಿ ಮೆತ್ತಿ, ಕಡ್ಲೆಪುರಿ ಹಂಚಿದರು. ಅಷ್ಟು ಖುಷಿಯ ಬೀಳ್ಕೊಡುಗೆಯನ್ನು ನಾನು ಮತ್ತೆ ಕಂಡಿಲ್ಲ.

ಈಗ ನಾನೂ ಅಂಥದೇ ಲ್ಯಾಬಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ಆಯುಧಪೂಜೆಗೆ ಒಂದು ಗಾಜಿಗೆ ಬೇಕೆಂದೇ ಅರಿಶಿನ ಇಡುವುದು, ಮೇಡಂ ಜೆ.ಪಿ. ನಗರದಿಂದ ಆಟೋದಲ್ಲಿ ಬಂದು ಮೊದಲ ಚಪ್ಪಾಳೆ ತಟ್ಟುವುದು ನಮ್ಮ ಪದ್ಧತಿಯಾಗಿತ್ತು. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು...

ಈ ಸಲವೂ ಗಾಜು ಹಳದಿಯಾಯಿತು, ಮುಳ್ಳು ಎದ್ದಿತು. ನಾನು ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿದೆ. ವಿದ್ಯಾರ್ಥಿನಿಯರು ನನ್ನ ಮುಖವನ್ನೇ ನೋಡುತ್ತಿದ್ದರು. ಕೈಗಂಟಿದ ಅರಿಶಿನ ಒರೆಸಿಕೊಳ್ಳದೆ ನಾನೇ ಚಪ್ಪಾಳೆ ತಟ್ಟಿದೆ.