ಆರ್ಡರ್ ಇಲ್ಲದೆ ಹಿಂದಿನ ಕಾಲಕ್ಕೆ ಹೋದ ಇನ್‌ಸ್ಪೆಕ್ಟರ್

ಗೆಳೆಯರೇ, ದೇಶಪಾಂಡೆ ನಗರದ ನನ್ನ ಬಾಡಿಗೆ ಸಿಡಿ ಅಂಗಡಿಯಲ್ಲಿ ಇವತ್ತು ಜಗಳವೋ ಜಗಳ. ಪೊಲೀಸರು ಹಿಂದಿನ ಕಾಲಕ್ಕೆ ಹೋಗಿ ಕಳ್ಳರನ್ನು ಹಿಡಿಯುವ ಧಾರಾವಾಹಿಯ ಹೊಸ ಸರಣಿ ಬಂದಿದೆ. ನನ್ನಲ್ಲಿರುವುದು ಒಂದೇ ಸೆಟ್. ಈ ಸಲ ಇನ್‌ಸ್ಪೆಕ್ಟರ್ ಹೆಣ್ಣುಮಗಳು.

ಮೊದಲ ಸಿಡಿ ಮಾತ್ರ ನೋಡಿ ಸೆಟ್ ಮರಳಿಸಲು ಬಂದ ನಿವೃತ್ತ ಹವಾಲ್ದಾರ ಬಸಪ್ಪ ಕಾಕಾ ಕೆಂಡವಾಗಿದ್ದರು. "ಇಪ್ಪತ್ತು ವರ್ಷ ಹಿಂದಿನ ಠಾಣೆಗೆ ಹೋಗಿ ಡ್ಯೂಟಿಗೆ ಹಾಜರಾದ್ಲು. ಟ್ರಾನ್ಸ್‌ಫರ್ ಆರ್ಡರ್ ಎಲ್ಲೈತಪಾ?"

"ಹಳೇ ಸರಣಿ ಇನ್‌ಸ್ಪೆಕ್ಟರ್ ಆರ್ಡರ್ ತೋರಿಸಿದ್ನೇನ್ರಿ ಕಾಕಾ?" ಎಂದ ಮೆಕ್ಯಾನಿಕ್ ಮೆಹಬೂಬ. ನಾಳೆ ಅವನ ಗ್ಯಾರೇಜಿಗೆ ರಜೆ; ಇಡೀ ಸರಣಿ ನೋಡಿ ಮುಗಿಸುವ ಆಸೆ.

"ಅಂವನ ಮಾತ ಬ್ಯಾರೆ. ಅಂವ ನಮ್ಮಂವ!"

ಕಾಕಾಗೆ ಹೇಗೂ ಬೇಡವಲ್ಲ ಎಂದು ಸೆಟ್ಟನ್ನು ಮೆಹಬೂಬನತ್ತ ಚಾಚಿದೆ. ಕಾಕಾ ನಡುವೆಯೇ ಕಸಿದು ಚೀಲಕ್ಕೆ ಹಾಕಿಕೊಂಡರು. "ತನಿಖೆ ಅರ್ಧಕ್ಕ ಬಿಡಾಕ ಬರಂಗಿಲ್ಲ."

ಆಸೆಯಿಂದ ಬಂದವನು ಬರಿಗೈಯಲ್ಲಿ ಹೋದ. ಅಂಗಡಿ ನಡೆಯುವುದು ಮಾತ್ರ ಬೈಯುವವರಿಂದಲೇ.