ಅತಿಥಿಗಳ ಮುಂದೆ ನಗಬ್ಯಾಡ

ನಕ್ಕರೆ ಆಕೆಯ ಮೇಲಿನ ವಸಡು ಪೂರ್ತಿ ಕಾಣುತ್ತಿತ್ತು. ಮುಂದಿನ ಹಲ್ಲೊಂದರ ತುದಿ ಮುರಿದಿತ್ತು. ಚಿಕ್ಕವಳಿದ್ದಾಗ ಕಬ್ಬು ಸಿಗಿಯಲು ಹೋಗಿ ಮುರಿದುಕೊಂಡ ಹಲ್ಲು ಅದು. ಆದರೆ ನಮ್ಮ ಆಫೀಸಿಗೆ ಪುಣೆಯಿಂದಲೋ ದಿಲ್ಲಿಯಿಂದಲೋ ದೊಡ್ಡವರು ಯಾರಾದರೂ ಬಂದರೆ ನಮ್ಮ ಸಾಹೇಬರು ಆಕೆಯ ಕಡೆ ಕೈ ಮಾಡಿ, ದನಿ ತಗ್ಗಿಸಿ, ಆ ಹಲ್ಲು ಭೂಕಂಪದಲ್ಲಿ ತೊಲೆ ಬಡಿದು ಮುರಿದದ್ದು ಎನ್ನುತ್ತಿದ್ದರು. ಬಂದವರು ಲೊಚಗುಟ್ಟುತ್ತಿದ್ದರು. ಆಕೆ ಟೈಪ್‌ರೈಟರಿನ ಮೇಲೆ ತಲೆ ತಗ್ಗಿಸುತ್ತಿದ್ದಳು. ದುಃಖಕ್ಕಲ್ಲ, ನಗು ತಡೆಯುವುದಕ್ಕೆ.

ಆಫೀಸಿನವರಿಗೆಲ್ಲ ಆಕೆ ಮರಾಠಿ ರೀತಿಯಲ್ಲಿ 'ಬಾಯಿ'. ನನಗೆ ಮಾತ್ರ ಅಕ್ಕ.

ಆ ಆಫೀಸು ಎಂಥದು ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಹೇಳದಿದ್ದರೆ ನನ್ನೊಳಗಿನ ಕಿಚ್ಚು ಯಾರಿಗೂ ತಿಳಿಯುವುದಿಲ್ಲ. ಕಿಲ್ಲಾರಿಯ ಭೂಕಂಪವಾದ ಮೇಲೆ ನಮ್ಮ ಕಡೆ ಸಂಶೋಧನೆ ಮಾಡುವವರ ಹಿಂಡೇ ಬಂದಿಳಿಯಿತು. ನೆಲ ಕೊರೆಯುವವರು, ಬಿದ್ದ ಗೋಡೆ ಅಳೆಯುವವರು, ಉಳಿದವರಿಗೆ ನಿದ್ದೆ ಬರುತ್ತದೋ ಇಲ್ಲವೋ ಎಂದು ಮನೆಮನೆಗೆ ಹೋಗಿ ಕೇಳುವವರು. ಇವರೆಲ್ಲರಿಗೂ ಸರ್ಕಾರದ ಅನುದಾನ ಬೇಕು. ಅದು ಸಿಗಬೇಕಾದರೆ ಮುಂಬೈಯಲ್ಲಿ ಮಂತ್ರಾಲಯ ಎನ್ನುವ ಸಚಿವಾಲಯದ ಬಾಗಿಲಲ್ಲಿ ನಿಂತು, ಯಾವ ಸಂಶೋಧನೆ ನಾಡಿಗೆ ಅಗತ್ಯ, ಯಾವ ನೀತಿ ಬರಬೇಕು ಎಂದು ಅಧಿಕಾರಿಗಳ ಕಿವಿಯಲ್ಲಿ ಊದುವವರು ಬೇಕು. ಊದುವುದೇ ನಮ್ಮ ಕಂಪನಿಯ ಕಸುಬು. ಮಹಾರಾಷ್ಟ್ರದ ಗಡಿಯೂರು ಉಮರ್ಗಾದಲ್ಲಿ ಹೈದರಾಬಾದ್ ರಸ್ತೆಯ ಮೇಲೆ, ಬೀಜ-ಗೊಬ್ಬರದ ಅಂಗಡಿಯ ಮಾಳಿಗೆಯಲ್ಲಿ 'ಸಂಶೋಧನಾ ನೀತಿ ಸಲಹೆಗಾರರು' ಎಂದು ಬೋರ್ಡು ಹಾಕಿಕೊಂಡು ಕೂತಿದ್ದೆವು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದು ಗಾದೆಯಿದೆಯಲ್ಲ, ನಾವು ಅದಕ್ಕೆ ಪಗಾರ ಎಣಿಸಿಕೊಳ್ಳುತ್ತಿದ್ದೆವು.

ಇಂಥ ಕಂಪನಿಯಲ್ಲಿ ಕೆಲಸಕ್ಕಿಂತ ಹಿನ್ನೆಲೆ ಮುಖ್ಯ. ಸಾಹೇಬರು ಅದನ್ನು 'ಬ್ಯಾಕ್‌ಗ್ರೌಂಡು' ಎನ್ನುತ್ತಿದ್ದರು. ನುಣುಪು ಕಾಗದದ ಒಂದು ಪುಸ್ತಿಕೆ ಇತ್ತು. ಅದರಲ್ಲಿ ನಮ್ಮೆಲ್ಲರ ಫೋಟೋ, ಫೋಟೋದ ಕೆಳಗೆ ಸಾಹೇಬರು ಹುಟ್ಟಿಸಿದ ಬ್ಯಾಕ್‌ಗ್ರೌಂಡು. ಬಿಎಸ್ಸಿ ಫೇಲಾಗಿ ಮನೆಯಲ್ಲಿ ಕೂತಿದ್ದ ಅವರ ಅಕ್ಕನ ಮಗ 'ಭೂವಿಜ್ಞಾನ ವಿಶ್ಲೇಷಕ'. ಜಳಕೋಟದ ಕಡೆ ಗ್ರಾಮಸೇವಕನಾಗಿದ್ದು ರಿಟೈರಾದ ಮುದುಕ 'ಗ್ರಾಮೀಣ ನೀತಿ ತಜ್ಞ'. ಬಸವಕಲ್ಯಾಣದ ಕಡೆಯಿಂದ ಉಮರ್ಗಾಕ್ಕೆ ಸೊಸೆಯಾಗಿ ಬಂದು, ಕನ್ನಡ-ಮರಾಠಿ ಎರಡೂ ಬರೆಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಕೆಲಸ ಸಿಕ್ಕ ನಾನು 'ಗಡಿಭಾಷಾ ಸಂಶೋಧಕಿ'. ಶಿವನಾಣೆ, ನಾನು ನಮ್ಮ ಮನೆಯ ಬೇಳೆ ಡಬ್ಬಿ ಬಿಟ್ಟು ಬೇರೇನನ್ನೂ ಶೋಧಿಸಿದವಳಲ್ಲ.

ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಸಾಹೇಬರು ಕೇಳಿದ ಮೊದಲ ಪ್ರಶ್ನೆ ಈಗಲೂ ಕಿವಿಯಲ್ಲಿದೆ. ಅವರು ಮೂಲತಃ ಕಲಬುರಗಿ ಕಡೆಯವರೇ, ನಮ್ಮ ಭಾಷೆಯೇ. ಕಿವಿಯಲ್ಲಿ ಸ್ಕೂಟರಿನ ಕೀಲಿ ತಿರುವುತ್ತ ಕೇಳಿದರು:

"ಭೂಕಂಪದಾಗ ನಿಮ್ಮ ಮನ್ಯಾಗ ಎಷ್ಟು ಮಂದಿ ಹ್ವಾದ್ರು?"

"ಯಾರೂ ಹೋಗಿಲ್ರೀ. ದೇವರ ದಯಾ."

"ಬಳಗದಾಗ? ಅತ್ತಿ ಕಡಿ, ಮಾವನ ಕಡಿ? ಯಾರೂ ಇಲ್ಲಾ?" ಎಂದು ಮುಖ ಸಪ್ಪಗೆ ಮಾಡಿದರು. ಕೀಲಿಯನ್ನು ಹೊರಗೆ ತೆಗೆದು, ತುದಿ ನೋಡಿ, ಪ್ಯಾಂಟಿಗೆ ಒರೆಸಿಕೊಂಡರು. ಥೂ! ಆ ಮನುಷ್ಯನಿಗೆ ಬಹುವಚನ ಹಚ್ಚಿ ಬರೆಯಲು ಈಗಲೂ ಮೈ ಉರಿಯುತ್ತದೆ. ಬಾಯಿಗೆ ಬಿದ್ದ ರೂಢಿ, ಹೋಗುತ್ತಿಲ್ಲ.

ಅಕ್ಕನ ಹತ್ತಿರ ಅವರಿಗೆ ಬೇಕಾದ ಉತ್ತರವಿತ್ತು. ನಿಲಂಗಾ ಕಡೆಯ ಹಳ್ಳಿ ಅವಳದು. ಗಣಪತಿ ಕಳಿಸಿ ಬಂದು ಮಲಗಿದ್ದ ಗಂಡ ಮತ್ತು ಮಗಳು ಗೋಡೆಯ ಕೆಳಗೆ ಹೋದರು. ಅತ್ತೆ ಮತ್ತು ಅವಳು ಅಂಗಳದಲ್ಲಿ ಮಲಗಿದ್ದಕ್ಕೆ ಉಳಿದರು. ಪುಸ್ತಿಕೆಯಲ್ಲಿ ಎಲ್ಲರಿಗಿಂತ ದೊಡ್ಡ ಫೋಟೋ ಅವಳದೇ. ಬೋಳು ಹಣೆ, ಬಿಳಿ ಸೀರೆ, ತಗ್ಗಿದ ಕಣ್ಣು. ಕೆಳಗೆ: 'ಎಲ್ಲವನ್ನೂ ಕಳೆದುಕೊಂಡು, ವಿಜ್ಞಾನಕ್ಕೆ ತನ್ನ ಬದುಕನ್ನು ಅರ್ಪಿಸಿದ ಒಂಟಿ ಹೆಂಗಸು.' ಆ ಬಿಳಿ ಸೀರೆ ಸಾಹೇಬರ ಹೆಂಡತಿಯದು, ಫೋಟೋಕ್ಕೆಂದು ಎರವಲು ತಂದದ್ದು.

ಒಂಟಿ ಹೆಂಗಸು ಅಂತೆ! ನಗುತ್ತಾಳೆ ಅಂದರೆ ಬೀಜದಂಗಡಿಯವನು ಕೆಳಗಿನಿಂದ ತಲೆ ಎತ್ತಿ ನೋಡಬೇಕು, ಹಾಗೆ ನಗುವವಳು. ಮಧ್ಯಾಹ್ನ ಕಟಕ ರೊಟ್ಟಿಯನ್ನು ಮುರಿದು, ಶೇಂಗಾ ಚಟ್ನಿಯ ಮೇಲೆ ಎಣ್ಣೆ ಸುರಿದು, ನನ್ನ ಡಬ್ಬಿಯ ಅನ್ನ ನೋಡಿ, "ಇದನ್ನ ತಿಂದ್ರ ಬಾಣಂತಿ ಆಗ್ತಿ ತಂಗಿ, ಸಂಶೋಧಕಿ ಆಗಂಗಿಲ್ಲ" ಎಂದು ಕಾಡುತ್ತಿದ್ದಳು. ಗ್ರಾಮಸೇವಕ ಮುದುಕ ಕೂತಲ್ಲೇ ಗೊರಕೆ ಹೊಡೆದರೆ, "ನೀತಿ ತಜ್ಞರು ಚಿಂತಿ ಮಾಡ್ಲಿಕ್ಕತ್ತಾರ, ಮೆಲ್ಲಕ ಮಾತಾಡ್ರಿ" ಎನ್ನುತ್ತಿದ್ದಳು. ಒಮ್ಮೆ ದಿಲ್ಲಿಯಿಂದ ಬಂದ ವಿಜ್ಞಾನಿಯೊಬ್ಬರ ಮುಂದೆಯೇ ಹಾಗೆ ನಕ್ಕಳು. ಅವರ ಮುಖ ಪೆಚ್ಚಾಯಿತು. ಅವರು ಹೋದ ಮೇಲೆ ಸಾಹೇಬರು ಬಂದು ಅವಳ ಮೇಜು ಬಡಿದರು.

"ಅತಿಥಿಗಳ ಮುಂದ ನಗಬ್ಯಾಡ ಬಾಯಿ. ನಿನ್ನ ಬ್ಯಾಕ್‌ಗ್ರೌಂಡಿಗೆ ನಗೂದು ಒಪ್ಪಂಗಿಲ್ಲ."

"ಸತ್ತವ್ರು ಸತ್ತಾರ್ರೀ ಸಾಹೇಬ್ರ. ನಾ ಸತ್ತಿಲ್ಲಲ್ಲ?" ಎಂದಳು ಅಕ್ಕ. ಸಾಹೇಬರು ಒಳಗೆ ಹೋದರು.

ಅವಳ ಗುಟ್ಟು ನನಗೆ ತಿಳಿದದ್ದು ಊಟದ ಹೊತ್ತಿನಲ್ಲಿ. ಅವಸರದಲ್ಲಿ ರೊಟ್ಟಿಯ ಅರಿವೆ ಬಿಚ್ಚಿದಳು, ಮಡಿಕೆಯಿಂದ ತಾಳಿ ಜಾರಿ ನೆಲಕ್ಕೆ ಬಿತ್ತು. ಕರಿಮಣಿ, ಎರಡು ಗುಂಡು, ಹೊಸದು. ನಾನು ಅವಳ ಮುಖ ನೋಡಿದೆ.

"ನನ್ದs ತಂಗಿ. ನನ್ನ ಗಂಡ ಕಟ್ಟ್ಯಾನ," ಎಂದಳು. ಆಮೇಲೆ ಎಲ್ಲ ಹೇಳಿದಳು.

ನಮ್ಮಲ್ಲಿ ಗಂಡ ಸತ್ತವಳು ಮತ್ತೆ ಮದುವೆಯಾಗಬಹುದು. ಉಡಿಕಿ ಎನ್ನುತ್ತಾರೆ. ಹಂದರವಿಲ್ಲ, ಬಾಜಾ ಇಲ್ಲ. ಹೊಸ ಸೀರೆ ಉಡಿಸಿ ತಾಳಿ ಕಟ್ಟಿದರೆ ಮುಗಿಯಿತು. ಜಳಕೋಟದ ಒಬ್ಬ ಗೌಂಡಿ, ಭೂಕಂಪದವರಿಗೆ ಹೊಸ ಮನೆಗಳನ್ನು ಕಟ್ಟಲು ಬಂದವನು, ಅವಳನ್ನು ಕೇಳಿದ್ದ. ಅತ್ತೆಯೇ ಮುಂದೆ ನಿಂತು ಉಡಿಕಿ ಮಾಡಿಸಿದ್ದಳಂತೆ. ಈಗ ಗಂಡ, ಅವಳು, ಒಬ್ಬ ಸಣ್ಣ ಮಗ ಉಮರ್ಗಾದಲ್ಲೇ ಬಾಡಿಗೆ ಕೋಣೆಯಲ್ಲಿದ್ದರು. ಬೆಳಿಗ್ಗೆ ಗಂಡ ಸೈಕಲ್ ಮೇಲೆ ಕರೆತಂದು ಬಸ್ ಸ್ಟ್ಯಾಂಡಿನ ಮೂಲೆಯಲ್ಲೇ ಇಳಿಸಿ ಹೋಗುತ್ತಿದ್ದ. ಅಲ್ಲಿಂದ ಆಫೀಸಿಗೆ ಬರುವಷ್ಟರಲ್ಲಿ ಅವಳು ಕುಂಕುಮ ಒರೆಸಿ, ತಾಳಿ ತೆಗೆದು ರೊಟ್ಟಿಯ ಜೊತೆ ಕಟ್ಟಿಕೊಳ್ಳುತ್ತಿದ್ದಳು. ಜೀವಂತ ಗಂಡನನ್ನು ದಿನಾ ಬೆಳಿಗ್ಗೆ ಅಳಿಸಿಕೊಂಡು ಬರುವುದು!

"ಯಾಕಕ್ಕಾ? ಈ ಕೆಲಸಕ್ಕ ಬೆಂಕಿ ಹಚ್ಚು."

"ಅತ್ತಿ ಸಲುವಾಗಿ. ಸರ್ಕಾರ ಕೊಟ್ಟ ಮನಿ ಅದಲ್ಲ, ಅದು ವಿಧವಾ ಸೊಸಿ ಲೆಕ್ಕದಾಗ ಬಂದದ್ದಂತ. ಉಡಿಕಿ ಆಗ್ಯಾದ ಅಂತ ಗೊತ್ತಾದ್ರ ಮನಿ ಕಸಗೋತಾರ ಅಂತ ಸಾಹೇಬ ಹೇಳ್ಯಾನ. ಸಾಹೇಬರಿಗೆ ಎಲ್ಲಾ ಗೊತ್ತದ. 'ನಾ ಬಾಯಿ ಮುಚಗೊಂಡಿರ್ತೀನಿ, ನೀ ಹಣಿ ಬೋಳ ಇಟಗೊಂಡಿರು' ಅಂದಾನ. ಮುದುಕಿ ಈ ವಯಸ್ಸಿನ್ಯಾಗ ಎಲ್ಲಿಗಿ ಹೋಗ್ತಾಳ?"

"ನಿನ್ನ ಗಂಡ ಏನಂತಾನ?"

ಅಕ್ಕ ರೊಟ್ಟಿಯ ಚೂರನ್ನು ಬೆರಳಲ್ಲಿ ಉರುಳಿಸಿದಳು. "ಏನೂ ಅನ್ನಂಗಿಲ್ಲ. ಅದs ತ್ರಾಸ. ಮೊನ್ನಿ ಮಗ ಜಡ್ಡ ಬಿದ್ದಾಗ ಹೇಳ್ಲಿಕ್ಕ ಬಂದಿದ್ದ. ಸಾಹೇಬ ಮೆಟ್ಟಲ ಮ್ಯಾಲ ನಿಂತು ಯಾರ ನೀ ಅಂತ ಕೇಳ್ಯಾನ. ಇಂವ 'ಬಾಯಿ ಮನಿ ಕಡ್ಯಾಂವ' ಅಂತ ಹೇಳಿ ಹೋಗ್ಯಾನ. ಗಂಡ ಅನ್ಲಿಲ್ಲ, ತಂಗಿ. ಗಂಡ ಅನ್ಲಿಲ್ಲ." ನಾನು ಅವಳ ಕಣ್ಣಲ್ಲಿ ನೀರು ಕಂಡದ್ದು ಆವತ್ತೇ ಮೊದಲು.

ನನಗೆ ತಡೆಯಲಾಗಲಿಲ್ಲ. ರಜೆ ಹಾಕಿ ನಿಲಂಗಾದ ತಹಸೀಲ್ದಾರ್ ಕಚೇರಿಗೆ ಹೋಗಿ ವಿಚಾರಿಸಿದೆ. ಕಾರಕೂನ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕ. ಮನೆ ಮುದುಕಿಯ ಹೆಸರಿನಲ್ಲೇ ಇತ್ತು, ಮೊದಲಿನಿಂದಲೂ. ಸೊಸೆ ಉಡಿಕಿಯಾದರೂ ಬಿಟ್ಟರೂ ಸರ್ಕಾರಕ್ಕೆ ಅದರ ಉಸಾಬರಿಯೇ ಇರಲಿಲ್ಲ. ಸಾಹೇಬರಿಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. ಕಚೇರಿಯ ಕಾಗದಗಳಲ್ಲೇ ಬೆಳೆದ ಮನುಷ್ಯ.

ಅಕ್ಕನಿಗೆ ಹೇಳಿದೆ. ಬಯ್ಯುತ್ತಾಳೆ, ಕೆಲಸ ಬಿಟ್ಟು ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಟೈಪ್ ಮಾಡುತ್ತಿದ್ದ ಹಾಳೆ ಪೂರ್ತಿ ಮಾಡಿದಳು. ಆಮೇಲೆ, "ಬರೂ ಸೋಮವಾರ ಮುಂಬೈ ಕಮಿಟಿ ಬರ್ತದಲ್ಲ? ಬರ್ಲಿ," ಎಂದಳು.

ಆ ಕಮಿಟಿಗಾಗಿ ಸಾಹೇಬರು ತಿಂಗಳುಗಟ್ಟಲೆ ಬಾಲ ಅಲ್ಲಾಡಿಸಿದ್ದರು. ಭೂಕಂಪದ ಬಗ್ಗೆ ಒಂದು ಅಧ್ಯಯನ ಕೇಂದ್ರ ಬರುವುದಿತ್ತು. ಅದನ್ನು ಯಾವ ಸಂಸ್ಥೆಗೆ ಕೊಡಬೇಕು ಎಂದು ನೋಡಲು ಕಮಿಟಿ ಬರುತ್ತಿತ್ತು. ನಾವು ಯಾರ ಪರವಾಗಿ ಊದುತ್ತಿದ್ದೆವೋ ಆ ಸಂಸ್ಥೆಗೆ ಸಿಕ್ಕರೆ ಸಾಹೇಬರ ಹೊಟ್ಟೆ ಜೀವನಪೂರ್ತಿ ತಂಪು. ಉಮರ್ಗಾದ ರೆಸ್ಟ್ ಹೌಸಿನಲ್ಲಿ ಕುರ್ಚಿ ಹಾಕಿಸಿದರು. ಕಮಿಟಿಯ ಹಿರಿಯ ಅಧಿಕಾರಿ, ಅವರ ಪಕ್ಕ ಒಬ್ಬ ಮೇಡಂ, ಮತ್ತೆ ಯಾರು ಯಾರೋ. ಸಾಹೇಬರು ಒಬ್ಬೊಬ್ಬರನ್ನೇ ಎಬ್ಬಿಸಿ ಬ್ಯಾಕ್‌ಗ್ರೌಂಡು ಓದತೊಡಗಿದರು. ಸಾಹೇಬರ ಸೋದರಳಿಯ ಎದ್ದ, ಗ್ರಾಮಸೇವಕ ಎದ್ದ, ನಾನು ಎದ್ದೆ. ಸಂತೆಯಲ್ಲಿ ದನದ ಹಲ್ಲು ತೋರಿಸಿದ ಹಾಗೆ ಒಬ್ಬೊಬ್ಬರನ್ನೇ ತೋರಿಸಿದರು.

ಅಕ್ಕ ತಡವಾಗಿ ಬಂದಳು. ಬಾಗಿಲಲ್ಲಿ ನಿಂತಳು. ಹಸಿರು ಇಳಕಲ್ ಸೀರೆ, ಕಾಸಿನಗಲ ಕುಂಕುಮ, ಕೈತುಂಬ ಬಳೆ, ಎದೆಯ ಮೇಲೆ ತಾಳಿ. ಹಿಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಗೌಂಡಿ, ಅವನ ಹೆಗಲ ಮೇಲೆ ಮಗು. ಸಾಹೇಬರು ಕಾಗದದಿಂದ ತಲೆ ಎತ್ತಿರಲಿಲ್ಲ. ಓದುತ್ತಲೇ ಇದ್ದರು: "...ಗಂಡ, ಮಗಳು, ಎಲ್ಲರನ್ನೂ ಕಳೆದುಕೊಂಡ ಈ ಒಂಟಿ ಹೆಂಗಸು..."

"ಒಂಟಿ ಅಲ್ರೀ," ಎಂದಳು ಅಕ್ಕ, ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲಿ. "ಗಂಡ, ಮಗಳು ಹೋದದ್ದು ಖರೆ. ಆ ದುಃಖ ನನ್ನದು, ಕಂಪನೀದಲ್ಲ. ಈಗ ಉಡಿಕಿ ಆಗೀನಿ. ಇಂವ ನನ್ನ ಗಂಡ. ಇದು ನನ್ನ ಮಗ. ಸಾಹೇಬರು ನನ್ನ ಹಣಿ ಬೋಳ ಮಾಡಿಸಿ ನಿಮಗ ತೋರಸ್ತಿದ್ರು."

ಸಾಹೇಬರ ಕಥೆ ಮುಗಿಯಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಎಂಥ ಹುಚ್ಚಿ ನಾನು! ಆ ಮನುಷ್ಯ ಮರುಕ್ಷಣವೇ ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆಯತೊಡಗಿದ.

"ನೋಡ್ರಿ ಸರ್! ಇದೇ ನಾವು ತಮಗ ತೋರಸಬೇಕಾಗಿದ್ದು! ಇದೇ ಖರೆ ಪುನರ್ವಸತಿ! ನಮ್ಮ ಸಂಸ್ಥೆದಾಗ ಹೊಸ ಜೀವನ ಕಟಗೊಂಡ ಹೆಣ್ಣುಮಗಳು! ಇದರ ಮ್ಯಾಲನೂ ಅಧ್ಯಯನ ಆಗಬೇಕ್ರಿ ಸರ್!"

ಕಮಿಟಿಯೂ ಚಪ್ಪಾಳೆ ಹೊಡೆಯಿತು. ಮೇಡಂ ಕಣ್ಣು ಒರೆಸಿಕೊಂಡರು. ಸಾಹೇಬರು ಓಡಿ ಹೋಗಿ ಗೌಂಡಿಯ ಹೆಗಲ ಮೇಲೆ ಕೈ ಹಾಕಿ ಫೋಟೋದವನನ್ನು ಕರೆದರು. ಪಾಪದ ಮನುಷ್ಯ, ಏನೂ ತಿಳಿಯದೆ ಕೈ ಜೋಡಿಸಿ ನಿಂತಿದ್ದ. ಬೆಳಕು ಫಳಕ್ಕೆಂದಿತು, ಮಗು ಬೆದರಿ ಅಳತೊಡಗಿತು. ಅಕ್ಕ ಆ ಕೈಯನ್ನು ಗಂಡನ ಹೆಗಲಿನಿಂದ ಕಿತ್ತು ಹಾಕಿ, ನಮ್ಮ ಭಾಷೆಯಲ್ಲಿ ಹೇಳಿದಳು:

"ನಡೀರಿ ಮನಿಗಿ. ಇವ್ರು ಸತ್ತವ್ರನ್ನೂ ಮಾರ್ತಾರ, ಬದುಕಿದವ್ರನ್ನೂ ಮಾರ್ತಾರ."

ಹೊರಟೇ ಹೋದಳು. ತಿರುಗಿ ಆ ಮಾಳಿಗೆ ಹತ್ತಲಿಲ್ಲ. ಕೇಂದ್ರ ನಮ್ಮ ಕಡೆಯ ಸಂಸ್ಥೆಗೇ ಸಿಕ್ಕಿತು. ಹೊಸ ಪುಸ್ತಿಕೆಯಲ್ಲಿ ಆ ಫೋಟೋ ಮೊದಲ ಪುಟಕ್ಕೆ ಬಂತು. ಅದನ್ನು ಕಂಡ ದಿನವೇ ನಾನೂ ಕೆಲಸ ಬಿಟ್ಟೆ. ಆಮೇಲೆ ನಿಲಂಗಾದ ಶಾಲೆಯೊಂದರಲ್ಲಿ ಮಕ್ಕಳಿಗೆ ಮರಾಠಿ ಕಲಿಸುತ್ತ ಬದುಕಿದೆ. ನನ್ನ ಹೆಸರಿನ ಮುಂದೆ ಸುಳ್ಳಿಲ್ಲದೆ ಬದುಕಲು ಕಲಿಸಿದವಳು ಅವಳು. ಅಕ್ಷರ ಕಲಿಸಿದ ಮಾಸ್ತರರಿಗೂ ನಾನು ಅಷ್ಟು ಋಣಿಯಲ್ಲ.

ಅಕ್ಕ ಗಂಡನ ಜೊತೆ ಜಳಕೋಟಕ್ಕೆ ಹೋದಳು. ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋದಳು. ಸತ್ತ ಮಗನ ತಾಯಿ, ಸೊಸೆಯ ಎರಡನೇ ಗಂಡನ ಮನೆಯಲ್ಲಿ! ಊರವರು ಬಾಯಿಗೆ ಬಂದದ್ದು ಆಡಿದರು. ಮೂವರಿಗೂ ಅದರ ಪರಿವೆ ಇರಲಿಲ್ಲ. ನಾನು ಹೋದಾಗಲೆಲ್ಲ ಮುದುಕಿ ಗೌಂಡಿಗೆ ಬಿಸಿ ರೊಟ್ಟಿ ಬಡಿಸುತ್ತ, ಇನ್ನೊಂದು ಹಾಕಿಕೋ ಎಂದು ಗದರುತ್ತಿದ್ದಳು. ಅಕ್ಕ ವಸಡು ತೋರಿಸಿ ನಗುತ್ತಿದ್ದಳು.

ಅವಳಿಗೆ ಹೆಚ್ಚು ಆಯುಷ್ಯವಿರಲಿಲ್ಲ. ಕಾಮಣಿಯಾಗಿ, ಕಣ್ಣು ಮೈ ಹಳದಿಯಾಗಿ, ಉದಗೀರದ ದವಾಖಾನೆಯಲ್ಲಿ ತೀರಿಕೊಂಡಳು. ಸುದ್ದಿ ತಿಳಿದು ನಾನು ಜಳಕೋಟ ಮುಟ್ಟುವಷ್ಟರಲ್ಲಿ ಅವಳನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ ಮಾತ್ರ ಇತ್ತು. ಗಂಡನಿರುವಾಗಲೇ ಹೋದವಳಿಗೆ ಮುತ್ತೈದೆಯರು ಕುಂಕುಮವಿಟ್ಟು, ಹಸಿರು ಬಳೆ ಏರಿಸಿ ಕಳಿಸುವುದು ವಾಡಿಕೆ. ಕುಂಕುಮ-ಬಳೆಯ ತಾಟು ಪಕ್ಕದಲ್ಲೇ ಇತ್ತು, ಯಾರೂ ಮುಟ್ಟುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ಹೆಂಗಸರು ಪಿಸುಗುಟ್ಟುತ್ತಿದ್ದರು.

"ಉಡಿಕೀ ಹೆಂಗಸವಾ. ಮೊದಲಿನ ಗಂಡನ ಲೆಕ್ಕಾ ಹಿಡಿದ್ರ ಗಂಡ ಸತ್ತ ರಂಡಿನs ಅಲ್ಲಾ? ಮುತ್ತೈದಿ ಹ್ಯಾಂಗಾಗ್ತಾಳ?"

ಹೆಣದ ಮುಂದೆಯೂ ಅದೇ ಬ್ಯಾಕ್‌ಗ್ರೌಂಡು! ಸಾಹೇಬನೊಬ್ಬನೇ ಹೇಸಿ ಎಂದುಕೊಂಡಿದ್ದೆ. ತಾಟಿಗೆ ಕೈ ಹಾಕಲು ನಾನು ಮುಂದೆ ಬಂದೆ. ಒಬ್ಬಳು ನನ್ನ ರಟ್ಟೆ ಹಿಡಿದು, "ನೀವು ಬ್ಯಾರೆ ಊರವ್ರು, ಸುಮ್ನಿರ್ರಿ" ಎಂದಳು. ಗೌಂಡಿ ಅಂಗಳದಲ್ಲಿ ಗಂಡಸರ ಹಿಂದೆ, ಯಾರದೋ ಮಣ್ಣಿಗೆ ಬಂದವನ ಹಾಗೆ ನಿಂತಿದ್ದ.

ಆಗ ಮೂಲೆಯಲ್ಲಿ ಕೂತಿದ್ದ ಮುದುಕಿ ನೆಲಕ್ಕೆ ಕೈಯೂರಿ ಎದ್ದಳು.

"ಸತ್ತಾಂವ ನನ್ನ ಮಗ," ಎಂದಳು. "ಅಂವ ಸತ್ತಾನ ಅಂತ ಹಡದ ನನಗ ಗೊತ್ತದ, ನೀವು ಹೇಳಬ್ಯಾಡ್ರಿ. ಈಕಿ ಗಂಡ ಅಲ್ಲಿ ನಿಂತಾನ. ಕಣ್ಣ ಕಾಣಂಗಿಲ್ಲೇನು ನಿಮಗ? ತಾ ಇಲ್ಲಿ."

ತಾಟನ್ನು ಎಳೆದುಕೊಂಡಳು. ಎಷ್ಟೋ ವರ್ಷಗಳಿಂದ ಕುಂಕುಮ ಮುಟ್ಟದ ಹೆಬ್ಬೆರಳನ್ನು ಭರಣಿಯೊಳಗೆ ಅದ್ದಿ ಅಕ್ಕನ ಹಣೆಗೆ ಒತ್ತಿದಳು. ಒಂದೊಂದೇ ಬಳೆ ಏರಿಸಿದಳು. ಆಮೇಲೆ ಅಂಗಳದ ಕಡೆ ತಿರುಗಿ ಜೋರಾಗಿ ಕರೆದಳು.

"ಅಲ್ಯಾಕ ನಿಂತಿಯೋ ಮಗಾ? ಬಾ, ನಿನ್ನ ಹೆಂಡ್ತಿ ಬಾಜೂಕ ಕೂಡು."

ಗಂಡಸರು ಸರಿದು ದಾರಿ ಬಿಟ್ಟರು. ಅವನು ಬಂದು ಕೂತ.